ಕಟ್ಟಿಗೆಯೇ ಕೂಲಿಯಾದರೆ ಗಿಡ ಉಳಿದೀತೆ?

ಎತ್ತು ಕೊಳ್ಳುವಾಗ ನಮ್ಮ ರೈತ ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ. ಬೀಜ ತರುವಾಗ ಚೀಲದ ಮೇಲಿನ ಚೀಟಿ ಓದುತ್ತಾನೆ. ಆದರೆ ಹೊಲದ ಒಡ್ಡಿನ ಮೇಲೆ ಅಜ್ಜ ಹಚ್ಚಿದ ಬೇವಿನ ಗಿಡ ಸವರಲು ಆಳು ಕರೆಯುವಾಗ ಮಾತ್ರ ಅವನು ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಕೊಡಬೇಕೋ?” ಬಹಳ ಸಲ ಬರುವ ಉತ್ತರವೂ ಒಂದೇ: “ರೊಕ್ಕಾ ಏನೂ ಬ್ಯಾಡ್ರಿ ಯಜಮಾನರ, ಕಟಗಿ ಬಿಟ್ಟಬಿಡ್ರಿ.” ರೊಕ್ಕ ಉಳಿಯಿತೆಂದು ರೈತನಿಗೆ ಸಮಾಧಾನ. ಆದರೆ ಒಕ್ಕಲುತನದಲ್ಲಿ ಇಷ್ಟು ತುಟ್ಟಿಯಾದ ಪುಕ್ಕಟೆ ಕೆಲಸ ಇನ್ನೊಂದಿಲ್ಲ ಎಂಬುದು ಈ ಲೇಖನದ ಅಭಿಪ್ರಾಯ.

ಸವದತ್ತಿ ತಾಲೂಕಿನ ಉಗರಗೋಳದ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಯಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಚಕ್ಕಡಿ ಹೂಡಿಕೊಂಡು ಬರುವ ಭಕ್ತರಿಗೆ ದಾರಿಯ ಬೇವು, ಹುಣಸೆಗಳ ನೆರಳೇ ಛತ್ರ. ಎತ್ತು ಬಿಡಲು ಅದೇ ಜಾಗ, ಒಲೆ ಹೂಡಲು ಅದೇ ಜಾಗ. ಅದೇ ನೆರಳು ಪಕ್ಕದ ಎರೆಹೊಲಕ್ಕೆ ಬಿದ್ದರೆ ಹೊಲದವನ ತಕರಾರು ಬೇರೆ: “ಗಿಡದ ಬುಡಕ ಜ್ವಾಳ ಏಳೂದಿಲ್ಲರಿ, ಕಡ್ಲಿ ಹೂ ಹಿಡಿಯೂದಿಲ್ಲ.” ಎರಡೂ ನಿಜವಾದ ಮಾತುಗಳೇ. ಗಿಡವೂ ಉಳಿಯಬೇಕು, ಬೆಳೆಗೂ ಬಿಸಿಲು ಬೀಳಬೇಕು ಎಂದರೆ ದಾರಿ ಒಂದೇ: ಗಿಡವನ್ನು ಹದವರಿತು ಸವರುವುದು. ಆ ಹದ ಇರುವುದು ಗಿಡ ಏರುವವನ ಕೈಯಲ್ಲಿ. ಆದ್ದರಿಂದ ಮೊದಲು ಅವನ ಕೆಲಸವನ್ನು ತಿಳಿದುಕೊಳ್ಳಬೇಕು.

ಗಿಡದ ಮೇಲಿನವನು, ಕೆಳಗಿನವನು

ಗಿಡ ಸವರುವ ಕೆಲಸ ಒಬ್ಬನಿಂದ ಆಗುವುದಲ್ಲ. ಮೇಲೆ ಒಬ್ಬ, ಕೆಳಗೆ ಇಬ್ಬರು ಇದ್ದರೆ ಕೆಲಸ ಸರಿಯಾಗಿ ಸಾಗುತ್ತದೆ. ಮೇಲಿನವನದು ಕೊಡಲಿ, ಕರಗಸ. ಕೆಳಗಿನವರದು ಹಗ್ಗ, ಬಿದ್ದ ಟೊಂಗೆ ಎಳೆಯುವುದು, ದಾರಿಹೋಕರನ್ನೂ ದನಕರುಗಳನ್ನೂ ತಡೆಯುವುದು. ಬಿಸಿಲೇರುವ ಮೊದಲೇ ಗಿಡ ಏರಬೇಕು. ಏರುವ ಮೊದಲು ಗಿಡವನ್ನು ಒಂದು ಸುತ್ತು ಹಾಕಬೇಕು. ಒಣ ಟೊಂಗೆ ಯಾವುದು, ಪೊಟರೆ ಎಲ್ಲಿದೆ, ಹೆಜ್ಜೇನು ಕಟ್ಟಿದೆಯೇ, ಕರೆಂಟಿನ ತಂತಿ ಎಷ್ಟು ದೂರ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಬೇಕು. ಬಲ್ಲವನು ಇದನ್ನೆಲ್ಲ ಎಲೆ-ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ನೋಡಿ ಮುಗಿಸುತ್ತಾನೆ. ನೋಡುವವರಿಗೆ ಅವನು ಸುಮ್ಮನೆ ನಿಂತಂತೆ ಕಾಣುತ್ತದೆ. ಯಜಮಾನ “ಏನ ನೋಡ್ತೀಯೋ, ಏರು” ಎಂದು ಅವಸರ ಮಾಡುವುದು ಅಲ್ಲಿಯೇ. ಆ ಅವಸರ ಸಲ್ಲದು.

ಕೆಲಸ ಸುರುವಾದ ಮೇಲೆ ಮಾತೂ ಸುರುವಾಗುತ್ತದೆ. ಗಿಡ ಸವರುವವರ ನಡುವಿನ ಚೇಷ್ಟೆಯ ಮಾತು ಹೀಗಿರುತ್ತದೆ:

“ಯಾಕೋ ತಮ್ಮಾ, ಮ್ಯಾಲೆ ಹೋಗಿ ನಿದ್ದಿ ಹತ್ತೇನು?”

“ಇಲ್ಲೋ ಕಾಕಾ, ನಿನ್ನ ಬೋಳತಲಿ ಎಲ್ಲೈತಿ ಅಂತ ಹುಡುಕಾಕತ್ತೀನಿ. ಟೊಂಗಿ ಅದರ ಮ್ಯಾಲೆ ಬಿದ್ದರ ಟೊಂಗಿ ಮುರದೀತು!”

“ಕೆಂಪಿರುವಿ ಅದಾವೇನೋ?”

“ಅದಾವು. ನಿಮ್ಮ ಬೀಗರ ಪೈಕೀನ ಇರಬೇಕು. ಬಂದವರನ್ನ ಸುಮ್ಮನ ಬಿಡವಲ್ಲವು.”

ಕೇಳಿದವರು ನಗುತ್ತಾರೆ. ಇದು ಹೊತ್ತು ಕಳೆಯುವ ಹರಟೆಯೆಂದು ತಿಳಿಯಬಾರದು. ಈ ಮಾತಿನಲ್ಲಿ ಮೂರು ಕೆಲಸ ನಡೆಯುತ್ತವೆ. ಮೇಲಿನವನಿಗೆ ಕೆಳಗಿನವನು ಎಲ್ಲಿ ನಿಂತಿದ್ದಾನೆಂದು ತಿಳಿಯುತ್ತದೆ. ಕೆಳಗಿನವನಿಗೆ ಮೇಲಿನವನ ದನಿಯಲ್ಲಿ ದಣಿವು ಇದೆಯೇ, ಹೆದರಿಕೆ ಇದೆಯೇ ಎಂದು ತಿಳಿಯುತ್ತದೆ. ಇಬ್ಬರ ಮನಸ್ಸೂ ಕೆಲಸದ ಮೇಲೆ ಉಳಿಯುತ್ತದೆ. ಮಾತು ನಿಂತಿತೆಂದರೆ ಕೆಳಗಿನವನು ತಲೆ ಎತ್ತಿ ನೋಡಬೇಕು. ಯಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಟೊಂಗೆ ಉರುಳುವಾಗ ಯಾರಾದರೂ “ಉಧೋ” ಎಂದು ಕೂಗಿದರೆ ಅದು ಭಕ್ತಿಯೂ ಹೌದು, “ಸರೀರಿ” ಎಂಬ ಎಚ್ಚರಿಕೆಯೂ ಹೌದು.

ಯಂತ್ರದ ಕರಗಸ ಬಂದ ಮೇಲೆ ಈ ಮಾತಿಗೆ ಕುತ್ತು ಬಂದಿದೆ. ಅರ್ಧ ದಿನದ ಕೆಲಸ ಅದರಿಂದ ಅರ್ಧ ತಾಸಿನಲ್ಲಿ ಆಗಬಹುದು, ಆದರೆ ಅದರ ಸದ್ದಿನಲ್ಲಿ ಮೇಲಿನವನ ಮಾತು ಕೆಳಗೆ ಕೇಳುವುದಿಲ್ಲ, ಕೆಳಗಿನವನ ಕೂಗು ಮೇಲೆ ಮುಟ್ಟುವುದಿಲ್ಲ. ಯಂತ್ರ ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಯಂತ್ರ ಬಳಸುವವರು ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರತಿ ದೊಡ್ಡ ಟೊಂಗೆಗೆ ಮುಂಚೆ ಯಂತ್ರ ನಿಲ್ಲಿಸಿ, ಕೆಳಗಿನವನಿಂದ “ಹೂಂ” ಅನ್ನಿಸಿಕೊಂಡೇ ಮುಂದುವರಿಯಬೇಕು. ನಿಚ್ಚಣಿಕೆಯ ಮೇಲೆ ನಿಂತು ಯಂತ್ರ ಹಿಡಿಯುವುದು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯುವುದು, ಒಂದೇ ಕೈಯಲ್ಲಿ ಹಿಡಿಯುವುದು ಎಂದೂ ಕೂಡದು.

ಹಾಸ್ಯದೊಳಗಿನ ಲೆಕ್ಕ

ಕಟ್ಟಿಗೆಯ ಕೂಲಿಗೆ ಬಂದವರ ನಡುವೆ ಇನ್ನೊಂದು ಬಗೆಯ ಹಾಸ್ಯವೂ ಹುಟ್ಟುತ್ತದೆ. “ನೆರಳ ಕೊಡೂದು ಸಣ್ಣ ಟೊಂಗಿ, ಗಂಜಿ ಕೊಡೂದು ದೊಡ್ಡ ಟೊಂಗಿ” ಎನ್ನುವ ಬಗೆಯದು. ನಗುವ ಮಾತಾದರೂ ನಮ್ಮ ಒಪ್ಪಂದದ ದೋಷ ಪೂರ್ತಿ ಅದರಲ್ಲಿದೆ.

ಬೆಳೆಗೆ ಬಿಸಿಲು ಬೀಳಲು ತೆಗೆಯಬೇಕಾದದ್ದು ಹೊಲದ ಕಡೆಗೆ ಬಾಗಿದ ಕೆಳಗಿನ ಟೊಂಗೆಗಳು, ಒಂದರ ಮೇಲೊಂದು ಉಜ್ಜುವ ಸಣ್ಣ ರೆಂಬೆಗಳು, ಒಣಗಿದವು, ರೋಗ ಹತ್ತಿದವು. ಇವುಗಳಲ್ಲಿ ಮಾರುವ ಕಟ್ಟಿಗೆ ಕಡಿಮೆ, ಏರಿ ಇಳಿಯುವ ಶ್ರಮ ಹೆಚ್ಚು. ತೊಡೆಗಾತ್ರದ ಟೊಂಗೆಯಲ್ಲಿ ಕಟ್ಟಿಗೆ ಹೆಚ್ಚು, ಶ್ರಮ ಕಡಿಮೆ. ಕಟ್ಟಿಗೆಯೇ ಕೂಲಿಯಾದಾಗ ಕೊಡಲಿ ಯಾವುದರ ಕಡೆಗೆ ತಿರುಗುತ್ತದೆಂದು ಹೇಳಬೇಕಾಗಿಲ್ಲ. ಸವರುವವನು ಕೆಟ್ಟವನೆಂದಲ್ಲ. ಅವನ ಮನೆಯಲ್ಲೂ ಒಲೆ ಉರಿಯಬೇಕು. ಹೆಚ್ಚು ಕಡಿದಷ್ಟು ಹೆಚ್ಚು ಕೂಲಿ ಎಂಬ ಕರಾರನ್ನು ಮಾಡಿಕೊಟ್ಟವರು ನಾವು. ಹಾಲನ್ನೇ ಕೂಲಿಯಾಗಿ ಕೊಡುತ್ತೇನೆಂದು ಹೇಳಿ ಆಕಳನ್ನು ಹಿಂಡಲು ಒಪ್ಪಿಸಿದರೆ ಕರುವಿಗೆ ಏನು ಉಳಿದೀತು?

ಇದಕ್ಕೆ ಹಳೆಯ ಕಾರಣವೂ ಉಂಟು. ನಮ್ಮ ಹಳ್ಳಿಗಳ ಆಯದ ಪದ್ಧತಿಯಲ್ಲಿ ಬಡಗಿ, ಕಂಬಾರ, ಕುಂಬಾರ ಮುಂತಾದವರಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಸಿಗುತ್ತಿತ್ತು. ಅವರದು ಕಸುಬು ಎಂದು ಊರು ಒಪ್ಪಿತ್ತು. ಗಿಡ ಏರುವವನ ಹೆಸರು ಆ ಆಯಗಾರರ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅವನ ಕೆಲಸ ಧೈರ್ಯದ್ದೆಂದು ಹೊಗಳಿದವರುಂಟು, ಬುದ್ಧಿಯದೆಂದು ಒಪ್ಪಿದವರು ಕಡಿಮೆ.

ಗಿಡ ಹಚ್ಚುವವರಿಗೆ ನಾವು ತಕ್ಕ ಗೌರವ ಕೊಟ್ಟಿದ್ದೇವೆ. 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಇಂದಿಗೂ ನಡೆಯುತ್ತಿದೆ. ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಹಿಗ್ಗಿತು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿ ಉಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಏರ್ಪಾಡಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಗಿಡ ಮೂರು ವರ್ಷ ಬದುಕುವುದಿಲ್ಲ, ಮೂರು ತಲೆಮಾರು ಬದುಕುತ್ತದೆ. ಆ ಉಳಿದ ಆಯುಷ್ಯವನ್ನು ಕಾಯುವವನ ಬಗ್ಗೆ ಯೋಜನೆಯೂ ಇಲ್ಲ, ಮಾತೂ ಇಲ್ಲ.

ಗಿಡದ ಗಾಯ ಮಾಯುವುದಿಲ್ಲ, ಮುಚ್ಚುತ್ತದೆ

ತಪ್ಪು ಕೊಯ್ತದ ನಷ್ಟ ಕೂಡಲೇ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೊ (1930–2006) ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಹಳೆಯ ಗಾಯಗಳ ಒಳಗನ್ನು ಪರೀಕ್ಷಿಸಿದರು. ಅವರು ಕಂಡುಕೊಂಡದ್ದು ಇಷ್ಟು: ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗ ಹಾಗೆಯೇ ಒಳಗೆ ಉಳಿಯುತ್ತದೆ. ಮರ ಅದರ ಸುತ್ತ ಒಳಗೋಡೆ ಕಟ್ಟಿ, ಕೊಳೆತ ಮುಂದೆ ಹರಡದಂತೆ ತಡೆಯುತ್ತದೆ, ಮೇಲೆ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಈ ಗೋಡೆ ಕಟ್ಟುವ ಶಕ್ತಿ ಹೆಚ್ಚಾಗಿ ಇರುವುದು ಟೊಂಗೆಯು ಬೊಡ್ಡೆಗೆ ಕೂಡುವಲ್ಲಿ ಬಳೆಯಂತೆ ಉಬ್ಬಿರುವ ಭಾಗದಲ್ಲಿ. ಇದನ್ನು ಟೊಂಗೆಯ ಕೊರಳು ಎನ್ನಬಹುದು.

ಹೀಗಾಗಿ ಟೊಂಗೆಯನ್ನು ಬೊಡ್ಡೆಗೆ ಸಪಾಟಾಗಿ ಹೆರೆದರೆ ಕೊರಳೂ ಹೋಗುತ್ತದೆ. ಗಾಯ ದೊಡ್ಡದಾಗುತ್ತದೆ, ಕೊಳೆತ ಬೊಡ್ಡೆಯೊಳಗೆ ಇಳಿಯುತ್ತದೆ. ಮೊಳದುದ್ದ ಮೋಟು ಬಿಟ್ಟರೆ ಮೋಟು ಒಣಗಿ, ಅದರ ದಾರಿಯಿಂದಲೇ ಕೊಳೆತ ಒಳಸೇರುತ್ತದೆ. ಕೊರಳನ್ನು ಉಳಿಸಿ, ಅದರ ಹೊರಗೆ ಹತ್ತಿರದಲ್ಲೇ ಕೊಯ್ಯುವುದು ಸರಿಯಾದ ಕ್ರಮ. ಭಾರವಾದ ಟೊಂಗೆಯನ್ನು ಒಂದೇ ಕೊಯ್ತಕ್ಕೆ ಕೆಡವಿದರೆ ಅದು ಬೀಳುವಾಗ ಬೊಡ್ಡೆಯ ತೊಗಟೆಯನ್ನು ಸೀಳಿಕೊಂಡು ಹೋಗುತ್ತದೆ. ಆದ್ದರಿಂದ ಮೂರು ಕೊಯ್ತದ ಪದ್ಧತಿ ಅನುಸರಿಸಬೇಕು. ಮೊದಲು ಕೊರಳಿನಿಂದ ಒಂದೂವರೆ ಅಡಿ ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ, ಟೊಂಗೆಯ ಕಾಲುಭಾಗದಷ್ಟು ಕೊಯ್ಯಬೇಕು. ಎರಡನೆಯದಾಗಿ ಅದರಿಂದ ಸ್ವಲ್ಪ ಹೊರಗೆ, ಮೇಲಿನಿಂದ ಕೊಯ್ದು ಟೊಂಗೆ ಕೆಡವಬೇಕು. ಮೂರನೆಯದಾಗಿ ಉಳಿದ ಮೋಟನ್ನು ಕೊರಳಿನ ಹೊರಗೆ ನಯವಾಗಿ ಕೊಯ್ಯಬೇಕು. ಈ ಕೊನೆಯ ಕೊಯ್ತಕ್ಕೆ ಕೊಡಲಿ ಬೇಡ, ಹರಿತವಾದ ಕರಗಸವೇ ಬೇಕು.

ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿ ಹಲವೆಡೆ ಇದೆ. ಬಳಿದ ಮಾತ್ರಕ್ಕೆ ಒಳಗಿನ ಕೊಳೆತ ನಿಲ್ಲುವುದಿಲ್ಲವೆಂದು ಶಿಗೊ ಅವರ ಪ್ರಯೋಗಗಳು ತೋರಿಸಿದವು. ಮಾವು, ದಾಳಿಂಬೆಯಂಥ ತೋಟದ ಬೆಳೆಗಳಲ್ಲಿ ರೋಗದ ಸಲುವಾಗಿ ಶಿಫಾರಸು ಮಾಡಿದ ಬೋರ್ಡೋ ಮುಲಾಮಿನ ಮಾತು ಬೇರೆ, ಅದನ್ನು ಬಿಡಬೇಕಾಗಿಲ್ಲ. ಒಡ್ಡಿನ ಬೇವು, ಹುಣಸೆಗೆ ಮಾತ್ರ ಒಳ್ಳೆಯ ಕೊಯ್ತವೇ ಒಳ್ಳೆಯ ಔಷಧ.

ಪಾಶ್ಚಾತ್ಯ ದೇಶಗಳಲ್ಲಿ ಈ ಕಸುಬಿನವರನ್ನು ಮರದ ಶಸ್ತ್ರವೈದ್ಯರು ಎಂದು ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಓಹಾಯೊ ಪ್ರಾಂತದಲ್ಲಿ ನೆಲೆಸಿದ ಜಾನ್ ಡೇವಿ ಎಂಬವರು 1901ರಲ್ಲೇ ಮರದ ವೈದ್ಯವನ್ನು ಕುರಿತು ಪುಸ್ತಕ ಬರೆದಿದ್ದರು. ಹೆಸರು ದೊಡ್ಡದಿರಬಹುದು, ಕೆಲಸ ನಮ್ಮ ಒಡ್ಡಿನ ಮೇಲಿನವನ ಕೆಲಸವೇ. ಅಲ್ಲಿ ಅದಕ್ಕೆ ಕಲಿಕೆ ಇದೆ, ಕೂಲಿ ಇದೆ, ಮರ್ಯಾದೆ ಇದೆ.

ಯಾವಾಗ, ಎಷ್ಟು

ಸವರುವ ಕಾಲವನ್ನು ಕಟ್ಟಿಗೆಯ ದರ ನಿರ್ಧರಿಸಬಾರದು, ಗಿಡ ಮತ್ತು ಬೆಳೆ ನಿರ್ಧರಿಸಬೇಕು. ಬೇವು ಬೇಸಿಗೆಯಲ್ಲಿ ಹೂಬಿಟ್ಟು, ಮಳೆಗಾಲದ ಆರಂಭದಲ್ಲಿ ಹಣ್ಣು ಉದುರಿಸುತ್ತದೆ. ಬೇಸಿಗೆಯಲ್ಲಿ ಸವರಿದರೆ ಬೇವಿನ ಬೀಜ ಕೈತಪ್ಪುತ್ತದೆ. ಕಡಲೆಯ ಕಾಯಿಕೊರಕಕ್ಕೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಿಂಪಡಿಸಲು 100 ಲೀಟರ್ ನೀರಿಗೆ 5 ಕಿಲೋ ಬೀಜದ ಪುಡಿ ಬೇಕು. ಒಡ್ಡಿನ ಮೇಲಿನ ಗಿಡವನ್ನು ಬೋಳಿಸಿ, ಪೇಟೆಯಿಂದ ಬೇವಿನ ಔಷಧದ ಬಾಟಲಿ ತರುವುದು ಎಂಥ ಒಕ್ಕಲುತನ? ಬೀಜ ಆಯ್ದ ಮೇಲೆ, ಹಿಂಗಾರಿ ಜೋಳ, ಕಡಲೆ ಬಿತ್ತುವ ಮೊದಲು ಹೊಲದ ಕಡೆಯ ಟೊಂಗೆ ಸವರುವುದು ಗಿಡಕ್ಕೂ ಬೆಳೆಗೂ ಹಿತ. ಹುಣಸೆಯನ್ನು ಹಣ್ಣು ಬಡಿದ ಕೂಡಲೆ, ಹೊಸ ಹೂ ಬರುವ ಮೊದಲು ಸವರಬೇಕು. ಕಿತ್ತೂರು ಕಡೆಯ ಮಾವಿನ ತೋಟಗಳಲ್ಲಿ ಕಾಯಿ ಇಳಿಸಿದ ಮೇಲೆ ಈ ಕೆಲಸ ಮುಗಿಯಬೇಕು.

ಒಂದು ವರ್ಷದಲ್ಲಿ ಹಸಿರು ತಲೆಯ ಕಾಲುಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಒಳಿತು. ಎಲೆಯೇ ಗಿಡದ ಅಡಿಗೆಮನೆ. ಪೂರ್ತಿ ಬೋಳಿಸಿದ ಗಿಡ ಸೊಂಪಾಗಿ ಚಿಗುರುತ್ತದೆ ನಿಜ. ಆದರೆ ಆ ಚಿಗುರು ಮೋಟಿನ ಅಂಚಿಗೆ ಅಂಟಿದಂತೆ ಬೆಳೆದು, ದಪ್ಪವಾದ ಮೇಲೆ ಗಾಳಿಗೆ ಕಿತ್ತು ಬೀಳುತ್ತದೆ. ಹಕ್ಕಿಗಳ ವಿಷಯವನ್ನೂ ಮರೆಯಬಾರದು. ಕಡಲೆ ಹೊಲದಲ್ಲಿ ಹುಳು ತಿನ್ನುವ ಹಕ್ಕಿಗಳು ಕೂಡಲೆಂದು ಕವಲುಗೂಟ ನೆಡಿರೆಂದು ನಾವೇ ಶಿಫಾರಸು ಮಾಡುತ್ತೇವೆ. ಅದೇ ಹೊಲದ ಒಡ್ಡಿನಲ್ಲಿ ಹಕ್ಕಿ ತಾನಾಗಿ ಕೂಡುವ ಗಿಡವನ್ನು ಬುಡಮಟ್ಟ ಕಡಿದು, ಅದರ ಟೊಂಗೆಯಿಂದ ಗೂಟ ಮಾಡಿ ನೆಟ್ಟರೆ ಹಕ್ಕಿಗೂ ನಗು ಬಂದೀತು.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಹೊಲದ ಗಿಡವಾದರೂ ಕಡಿಯಲು ಅಪ್ಪಣೆ ಬೇಕಾಗುತ್ತದೆ, ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ದೊಡ್ಡ ಟೊಂಗೆಗಳಿಗೆ ಕೈಹಾಕುವ ಮೊದಲು ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಬಿದ್ದವನ ಮನೆ

ಗಿಡಕ್ಕಿಂತ ದೊಡ್ಡದು ಏರಿದವನ ಜೀವ. ಕಟ್ಟಿಗೆಯ ಕರಾರಿನಲ್ಲಿ ಅವನು ಯಾರ ಆಳೂ ಅಲ್ಲ. ಬಿದ್ದರೆ “ಕಟಗಿ ಆಸೆಕ್ಕ ಏರಿದ್ದ” ಎಂಬ ಮಾತು ಹುಟ್ಟುತ್ತದೆ. ಇಷ್ಟು ಕಠೋರವಾದ ಮಾತು ನಮ್ಮ ಬಾಯಲ್ಲಿ ಬರಬಾರದು. ಸೊಂಟ ಮುರಿದು ಮಲಗಿದವನ ಮನೆಯಲ್ಲಿ ಗಳಿಸುವ ಕೈ ಒಂದೇ ಇರುತ್ತದೆ.

ತಂತಿಯ ಅಪಾಯ ಎಲ್ಲಕ್ಕಿಂತ ಹೆಚ್ಚು. ಹಸಿ ಟೊಂಗೆ ಕರೆಂಟು ಹರಿಸುತ್ತದೆ. 11,000 ವೋಲ್ಟಿನ ತಂತಿಯ ಹತ್ತಿರದ ಗಿಡವನ್ನು ರೈತ ತಾನಾಗಿ ಸವರಿಸಲೇ ಬಾರದು. ಹೆಸ್ಕಾಂ ಕಚೇರಿಗೆ ತಿಳಿಸಿ ಅಥವಾ 1912ಕ್ಕೆ ಫೋನು ಮಾಡಿ, ಲೈನು ಬಂದ್ ಆದದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಕೆಲಸ ಆಗಬೇಕು. “ಈಗ ಕರೆಂಟ ಇರೂದಿಲ್ಲ ಬಿಡ್ರಿ” ಎಂಬ ಅಂದಾಜಿನ ಮೇಲೆ ಯಾರನ್ನೂ ಏರಿಸಬೇಡಿರಿ. ಮಳೆ ಬಂದ ದಿನ, ಬೀಸುಗಾಳಿಯ ದಿನ, ಕುಡಿದು ಬಂದ ದಿನ ಗಿಡ ಏರುವುದು ಬೇಡ. ಎತ್ತಿಗೆ ಕಟ್ಟಿ ಸವೆದ ಹಗ್ಗ ಮನುಷ್ಯನಿಗೆ ಕಟ್ಟುವ ಹಗ್ಗವಲ್ಲ. ತೊಡೆ, ಸೊಂಟ, ಹೆಗಲನ್ನು ಹಿಡಿಯುವ ಸುರಕ್ಷಾ ಪಟ್ಟಿ ಊರಿಗೆ ಒಂದೆರಡಾದರೂ ಇರಬೇಕು. ಸಹಕಾರಿ ಸಂಘಗಳು ಇದನ್ನು ಕೊಂಡಿಟ್ಟು ಬಾಡಿಗೆಗೆ ಕೊಡಬಹುದು. ಯಾರಾದರೂ ಬಿದ್ದರೆ ಗಾಬರಿಯಲ್ಲಿ ಎತ್ತಿ ಕೂರಿಸದೆ, ಕುತ್ತಿಗೆ-ಬೆನ್ನು ಅಲುಗದಂತೆ ಮಲಗಿಸಿಟ್ಟು 108ಕ್ಕೆ ತಿಳಿಸಬೇಕು.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದ ಸಾವು ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಶಾಶ್ವತವಾದ ಭಾಗಶಃ ಅಂಗವಿಕಲತೆಗೆ 1 ಲಕ್ಷ ರೂಪಾಯಿ ಸಿಗುತ್ತದೆ. ವಯಸ್ಸು 18ರಿಂದ 70ರ ಒಳಗಿರಬೇಕು, ಬ್ಯಾಂಕಿನಲ್ಲಿ ಖಾತೆ ಇರಬೇಕು. ಗಿಡ ಏರಿಸುವ ಯಜಮಾನ “ಆ ಕಂತು ಕಟ್ಟೀಯೇನು?” ಎಂದು ಕೇಳಿ, ಕಟ್ಟಿರದಿದ್ದರೆ ತಾನೇ ಆ 20 ರೂಪಾಯಿ ಕೊಟ್ಟು ಕಟ್ಟಿಸಬೇಕು. ಒಂದು ಹೊತ್ತಿನ ಚಹಾದ ಖರ್ಚು ಅದು.

ಹೊಸ ಕರಾರು ಹೇಗಿರಬೇಕು

“ಕೈಯಾಗ ರೊಕ್ಕ ಇಲ್ಲ, ಕಟಗಿ ಐತಿ” ಎಂದು ಸಣ್ಣ ರೈತ ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ದಾರಿ ಇದೆ. ಕೂಲಿಯನ್ನು ದಿನಕ್ಕಿಷ್ಟು ಎಂದೋ ಗಿಡಕ್ಕಿಷ್ಟು ಎಂದೋ ಮೊದಲು ರೊಕ್ಕದಲ್ಲಿ ಗೊತ್ತುಮಾಡಬೇಕು. ಯಾವ ಟೊಂಗೆ ಹೋಗಬೇಕೆಂಬುದನ್ನು ಯಜಮಾನನೂ ಸವರುವವನೂ ಕೂಡಿ ನೋಡಿ ಸುಣ್ಣದ ಗುರುತು ಹಾಕಬೇಕು. ಗುರುತಿಲ್ಲದ ಟೊಂಗೆಗೆ ಕೊಡಲಿ ತಾಗಬಾರದು. ಕೆಲಸ ಮುಗಿದ ಮೇಲೆ ಕಟ್ಟಿಗೆಯನ್ನು ತೂಕಕ್ಕೆ ಮಾರಿ ಕೂಲಿ ಕೊಡಬಹುದು, ಅಥವಾ ಕೂಲಿಯ ಬೆಲೆಯಷ್ಟು ಕಟ್ಟಿಗೆಯನ್ನೇ ತೂಗಿ ಕೊಡಬಹುದು. ಕಟ್ಟಿಗೆ ಕಡಿಮೆ ಬಿದ್ದರೆ ಉಳಿದದ್ದನ್ನು ರೈತ ತುಂಬಿಕೊಡಬೇಕು. ಹೀಗಾದರೆ ಕಡಿಮೆ ಕಡಿದರೂ ಕೂಲಿ ಕಡಿಮೆಯಾಗುವುದಿಲ್ಲ. ಗಿಡ ಉಳಿಸುವುದರಲ್ಲಿ ಇಬ್ಬರ ಹಿತವೂ ಒಂದಾಗುತ್ತದೆ.

ತರಬೇತಿಯ ಮಾತೂ ಮುಖ್ಯ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿ, ಮುಂದೆ ಕರ್ನಾಟಕಕ್ಕೂ ತಂದಿತು. ಕಲಿತವರಿಗೆ ಮರ ಏರುವ ಸಾಧನ, ವಿಮೆಯ ಆಸರೆ ಸಿಕ್ಕವು. ಏರುವವನಿಗೆ ಗೆಳೆಯನೆಂಬ ಹೆಸರು ಕೊಟ್ಟದ್ದೂ ಸಣ್ಣ ಸಂಗತಿಯಲ್ಲ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಏರುವವರು ಸಿಗದಂತಾದಾಗ ಕೂಲಿ ಏರಿತು, ನೆಲದ ಮೇಲೆ ನಿಂತೇ ಕೊನೆ ಇಳಿಸುವ ಹಗುರಾದ ದೋಟಿ ಬಂತು. ಬಯಲುಸೀಮೆಯ ಬೇವು, ಹುಣಸೆ, ಮಾವಿಗೆ ಈ ಭಾಗ್ಯ ಇನ್ನೂ ಬಂದಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ತಜ್ಞರೂ, ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಕೂಡಿ ಸವದತ್ತಿ, ರಾಮದುರ್ಗ, ಕಿತ್ತೂರು, ಬೈಲಹೊಂಗಲಗಳ ಗಿಡ ಸವರುವವರಿಗೆ ಮೂರು ದಿನದ ಶಿಬಿರ ನಡೆಸಿದರೆ ದೊಡ್ಡ ಖರ್ಚೇನೂ ಆಗಲಾರದು. ಆ ಶಿಬಿರದಲ್ಲಿ ತಜ್ಞರು ಹೇಳಿದ್ದನ್ನು ಅವರು ಕೇಳಲಿ, ಅವರು ಹೇಳಿದ್ದನ್ನು ತಜ್ಞರೂ ಬರೆದುಕೊಳ್ಳಲಿ. ಯಾವ ಗಿಡದ ಟೊಂಗೆ ಸದ್ದು ಮಾಡಿ ಮುರಿಯುತ್ತದೆ, ಯಾವುದು ಸದ್ದಿಲ್ಲದೆ ಮುರಿಯುತ್ತದೆ ಎಂಬುದು ಏರಿದವನಿಗಷ್ಟೇ ಗೊತ್ತು.

ರೈತ ಬಾಂಧವರು ಅದಕ್ಕಾಗಿ ಕಾಯಬೇಕಾಗಿಲ್ಲ. ಈ ಸಲ ಹಿಂಗಾರಿಗೆ ಮುಂಚೆ ಗಿಡ ಸವರುವವನು ಬಂದಾಗ “ಕಟಗಿ ಒಯ್ಯಿ” ಎನ್ನುವ ಬದಲು “ಈ ಗಿಡಕ್ಕ ಏನ ಮಾಡಿದರ ಛಲೋ ಆಕ್ಕೈತಿ?” ಎಂದು ಕೇಳಿರಿ. ಅವನು ಗಿಡದ ಸುತ್ತ ಒಂದು ಸುತ್ತು ಹಾಕುವವರೆಗೆ ಸುಮ್ಮನಿರಿ. ಅವನ ಕೂಲಿಯನ್ನು ರೊಕ್ಕದಲ್ಲಿ ಹೇಳಿರಿ.